ಮಾಸ್ಟೊಡಾನ್‌ಗೆ ಯಾವ ಆ್ಯಪ್ ಎಂದು ಕೇಳುವ ಮುನ್ನ

ಪ್ರಶ್ನೆ: ಇತ್ತೀಚೆಗೆ ಮಾಸ್ಟೊಡಾನ್ ಸೇರಿದ್ದೇನೆ. ಸದ್ಯ ಅವರದೇ ಅಧಿಕೃತ ಆ್ಯಪ್ ಬಳಸುತ್ತಿದ್ದೇನೆ. ಇದಕ್ಕೇ ಇನ್ನೂ ಹಲವು ಆ್ಯಪ್‌ಗಳಿವೆಯಂತೆ. ನಂಬರ್ ಒನ್ ಯಾವುದು? ಬೇರೆಯವರ ಆ್ಯಪ್ ಅಪಾಯವೇ? ಬದಲಿಸಿದರೆ ನನ್ನ ಹಳೆಯ ಪೋಸ್ಟ್‌ಗಳ ಗತಿಯೇನು?
– ಹೆಸರು ಬೇಡ, ಹಾಸನ

ಉತ್ತರ: ಪೋಸ್ಟ್‌ಗಳ ಚಿಂತೆ ಬಿಡಿ. ನಿಮ್ಮ ಖಾತೆ, ಪೋಸ್ಟ್‌ಗಳು, ಫಾಲೋವರ್‌ಗಳ ಪಟ್ಟಿ ಎಲ್ಲವೂ ಇರುವುದು ನೀವು ಸೇರಿದ ಸರ್ವರ್‌ನಲ್ಲಿ (ಮಾಸ್ಟೊಡಾನ್ ಟ್ವಿಟರ್‌ನಂಥದೇ ಜಾಲ, ಆದರೆ ಹಲವರು ಬೇರೆ ಬೇರೆಯಾಗಿ ನಡೆಸುವ ಸರ್ವರ್‌ಗಳು ಸೇರಿ ಆದದ್ದು); ಆ್ಯಪ್ ಅವನ್ನು ತೋರಿಸುತ್ತದೆ, ಅಷ್ಟೇ. ಒಂದೇ ಖಾತೆಯನ್ನು ಮೂರು ಆ್ಯಪ್‌ಗಳಲ್ಲಿ ತೆರೆದಿಟ್ಟುಕೊಂಡರೂ ತೊಂದರೆಯಿಲ್ಲ. ಅರ್ಧ ಬರೆದಿಟ್ಟ ಕರಡುಗಳು ಮಾತ್ರ ಸಾಮಾನ್ಯವಾಗಿ ಆ್ಯಪ್‌ನೊಳಗೇ ಇರುತ್ತವೆ. ಅಳಿಸುವ ಮುನ್ನ ಅವನ್ನು ನೋಡಿಕೊಳ್ಳಿ.

ಬೇರೆಯವರ ಆ್ಯಪ್ ಎಂದರೆ ಅಪಾಯ ಎಂಬ ಭಯವನ್ನು ಯಾರು ಹಬ್ಬಿಸುತ್ತಿದ್ದಾರೋ ಅವರಿಗೆ ಈ ಜಾಲದ ಇತಿಹಾಸ ಗೊತ್ತಿಲ್ಲ. ಮಾಸ್ಟೊಡಾನ್ ಶುರುವಾದದ್ದು 2016ರಲ್ಲಿ. ಅಧಿಕೃತ ಆ್ಯಪ್ ಐಫೋನ್‌ಗೆ ಬಂದದ್ದು 2021ರಲ್ಲಿ, ಆಂಡ್ರಾಯ್ಡ್‌ಗೆ 2022ರಲ್ಲಿ. 2019ರ ನವೆಂಬರ್‌ನಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿ, ಭಾರತದಿಂದ ಜನ ಗುಂಪುಗುಂಪಾಗಿ ಇಲ್ಲಿಗೆ ಬಂದರಲ್ಲ, ಆಗ ಅವರ ಫೋನ್‌ಗಳಲ್ಲಿದ್ದದ್ದು ಆಂಡ್ರಾಯ್ಡ್‌ನ ಟಸ್ಕಿಯಂಥ ಆ್ಯಪ್‌ಗಳೇ, ಅಂದರೆ ಬೇರೆಯವರು ಕಟ್ಟಿದವು. ಟ್ವಿಟರ್ 2023ರ ಜನವರಿಯಲ್ಲಿ ಹೊರಗಿನ ಆ್ಯಪ್‌ಗಳಿಗೆ ಬಾಗಿಲು ಹಾಕಿತು. ಟ್ವೀಟ್‌ಬಾಟ್ ಹಾಗೆ ಸತ್ತಿತು; ಅದನ್ನು ಮಾಡಿದವರೇ ಮಾಸ್ಟೊಡಾನ್‌ಗೆ ಐವರಿ ಎಂಬ ಆ್ಯಪ್ ತಂದರು. ಇಲ್ಲಿ ಆ್ಯಪ್ ಆರಿಸಿಕೊಳ್ಳುವ ಸ್ವಾತಂತ್ರ್ಯವಿರುವುದು ದೊಡ್ಡ ಮಾತು, ದಯವಿಟ್ಟು ಅದಕ್ಕೆ ಹೆದರಬೇಡಿ.

ಹೆದರಬೇಕಾದದ್ದು ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಆ್ಯಪ್ ನಿಮ್ಮ ಪಾಸ್‌ವರ್ಡನ್ನು ಎಲ್ಲಿ ಕೇಳುತ್ತದೆ? ಲಾಗಿನ್ ಆಗುವಾಗ ಸರಿಯಾದ ಆ್ಯಪ್ ನಿಮ್ಮಿಂದ ಸರ್ವರ್ ಹೆಸರನ್ನಷ್ಟೇ ಪಡೆಯುತ್ತದೆ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಸರ್ವರ್‌ನ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಕೊಡುವುದು ಅಲ್ಲಿ, 'ಈ ಆ್ಯಪ್‌ಗೆ ಓದಲು, ಬರೆಯಲು ಅನುಮತಿ ಕೊಡಲೇ' ಎಂದು ಸರ್ವರ್ ಕೇಳುವುದೂ ಅಲ್ಲಿಯೇ. ನೀವು ಒಪ್ಪಿದರೆ ಆ್ಯಪ್‌ಗೆ ಸಿಗುವುದು ಒಂದು ಟೋಕನ್, ಅಂದರೆ ಅನುಮತಿ ಚೀಟಿ ಮಾತ್ರ, ಪಾಸ್‌ವರ್ಡ್ ಅದರ ಕೈಗೆ ಹೋಗುವುದೇ ಇಲ್ಲ. ಪುಟ ತೆರೆದಾಗ ಮೇಲಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ವಿಳಾಸವೇ ಕಾಣಿಸದಿದ್ದರೆ, ಬ್ರೌಸರ್ ಮೂಲಕ ಲಾಗಿನ್ ಆಗುವ ಆಯ್ಕೆ ಇದೆಯೇ ನೋಡಿ. ಸರ್ವರ್‌ನ ಪುಟವನ್ನೇ ತೆರೆಯದೆ ಆ್ಯಪ್ ತನ್ನದೇ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಕೇಳಿದರೆ, ಅದನ್ನು ತಕ್ಷಣ ತೆಗೆದುಹಾಕಿ. ಈ ವಿಷಯದಲ್ಲಿ ನಾನು ಅತಿ ಎಚ್ಚರ ವಹಿಸುತ್ತೇನೆ ಎಂದು ಸ್ನೇಹಿತರು ಹೇಳುತ್ತಾರೆ, ಹೇಳಲಿ. ಬಳಸದ ಆ್ಯಪ್‌ಗಳ ಅನುಮತಿಯನ್ನು ಸರ್ವರ್‌ನ ಖಾತೆ ಸೆಟ್ಟಿಂಗ್‌ನಲ್ಲಿರುವ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಗೆ ಹೋಗಿ ರದ್ದು ಮಾಡಿ. ಫೋನ್‌ನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಆ ಅನುಮತಿ ಹೋಗಿಬಿಡುತ್ತದೆ ಎಂದುಕೊಳ್ಳಬೇಡಿ.

ಇನ್ನು 'ಪ್ರೀಮಿಯಂ ಬಿಟ್ಟಿ' ಎಂದು ಟೆಲಿಗ್ರಾಂನಲ್ಲಿ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಕಡತ) ಹಂಚುವವರು. ಆಂಡ್ರಾಯ್ಡ್‌ಗೆ ಐವರಿ ಎಂದು ಯಾರಾದರೂ ಕಳಿಸಿದರೆ ಅದು ಮೋಸ, ಬೇರೆ ವಿಚಾರಣೆ ಬೇಕಿಲ್ಲ. ಐವರಿ ಇರುವುದು ಆ್ಯಪಲ್ ಸಾಧನಗಳಿಗೆ ಮಾತ್ರ.

ಪಾಸ್‌ವರ್ಡ್‌ನ ಈ ಪರೀಕ್ಷೆಯಲ್ಲಿ ಗೆದ್ದವುಗಳಲ್ಲಿ ಆರಿಸುವುದು ನಿಮ್ಮ ಓದುವ ರೀತಿಯನ್ನು ನೋಡಿ. ಮಾಸ್ಟೊಡಾನ್‌ನ ಹೋಮ್ ಟೈಮ್‌ಲೈನ್, ಅಂದರೆ ನೀವು ಫಾಲೋ ಮಾಡುವವರ ಪೋಸ್ಟ್‌ಗಳ ಸಾಲು, ಕಾಲಕ್ರಮದಲ್ಲಿ ಬರುತ್ತದೆ, ನಿಮಗೆ ಇಷ್ಟವಾದೀತು ಎಂದು ಯಾವ ಯಂತ್ರವೂ ಹೆಕ್ಕಿ ಕೊಡುವುದಿಲ್ಲ. ಹಾಗಾಗಿ ನಿನ್ನೆ ರಾತ್ರಿ ನಿಲ್ಲಿಸಿದ ಜಾಗದಿಂದಲೇ ಇಂದು ಬೆಳಿಗ್ಗೆ ಓದು ಮುಂದುವರಿಯುತ್ತದೆಯೇ ಎಂಬುದೇ ನನಗೆ ಮುಖ್ಯ. ಟಸ್ಕಿ ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಐವರಿ ಐಫೋನ್, ಮ್ಯಾಕ್ ಎರಡರಲ್ಲೂ ಅದನ್ನು ಹೊಂದಿಸುತ್ತದೆ, ಆದರೆ ಚಂದಾ ಕಟ್ಟಬೇಕು. ಐಫೋನ್‌ನಲ್ಲಿ ಹಣ ಕೊಡಲು ಮನಸ್ಸಿಲ್ಲದವರಿಗೆ ಐಸ್ ಕ್ಯೂಬ್ಸ್ ಇದೆ, ಅದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್‌ನ ಫೆಡಿಲ್ಯಾಬ್ ಪ್ಲೇ ಸ್ಟೋರ್‌ನಲ್ಲಿ ದುಡ್ಡಿಗೆ, ಮುಕ್ತ ತಂತ್ರಾಂಶಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಿ ಉಚಿತ. ಸೌಲಭ್ಯಗಳು ಹೇರಳ, ಹೊಸಬರಿಗೆ ತಲೆ ತಿರುಗುವಷ್ಟು. ಫೋನ್‌ನಲ್ಲಿ ಜಾಗವಿಲ್ಲ ಎನ್ನುವವರು ಬ್ರೌಸರ್‌ನಲ್ಲೇ ಫ್ಯಾನ್‌ಪಿ ತೆರೆಯಲಿ. ಅದರ 'ಕ್ಯಾಚ್ ಅಪ್' ಸೌಲಭ್ಯ ಕಳೆದ ಕೆಲವು ಗಂಟೆಗಳ ಪೋಸ್ಟ್‌ಗಳನ್ನು ಒಟ್ಟುಮಾಡಿ, ಯಾರು ಬರೆದದ್ದು, ಯಾವುದು ಬೂಸ್ಟ್ (ಬೇರೆಯವರ ಪೋಸ್ಟ್‌ನ ಮರುಹಂಚಿಕೆ) ಎಂದು ಬೇರ್ಪಡಿಸಿ ಕೊಡುತ್ತದೆ. ದಿನಕ್ಕೊಮ್ಮೆ ಮಾತ್ರ ನೋಡುವವರಿಗೆ ಇದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಷರತ್ತು, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಪೋಸ್ಟ್ ಬರೆಯುವ ಪೆಟ್ಟಿಗೆಯಲ್ಲಿ ಭಾಷೆ ಆರಿಸುವ ಗುಂಡಿ ಇರಲೇಬೇಕು. ಪ್ರತಿ ಪೋಸ್ಟ್‌ಗೂ ಭಾಷೆಯ ಗುರುತು ಅಂಟಿರುತ್ತದೆ. ಅದು ಇಂಗ್ಲಿಷ್ ಎಂದೇ ಉಳಿದರೆ, ಸಾರ್ವಜನಿಕ ಟೈಮ್‌ಲೈನ್‌ನಲ್ಲಿ ಕನ್ನಡ ಮಾತ್ರ ಬೇಕೆಂದು ಸೋಸಿಟ್ಟುಕೊಂಡವರಿಗೆ ನಿಮ್ಮ ಕನ್ನಡ ಕಾಣುವುದೇ ಇಲ್ಲ. ಇಂಗ್ಲಿಷ್ ಮಾತ್ರ ಬೇಕೆಂದವರ ಮುಂದೆ ಹೋಗಿ ಬೀಳುತ್ತದೆ. 'ಇಲ್ಲಿ ಕನ್ನಡದವರೇ ಇಲ್ಲ' ಎಂದು ದೂರುವ ಹಲವರ ಪೋಸ್ಟ್‌ಗಳನ್ನು ತೆಗೆದು ನೋಡಿದ್ದೇನೆ: ಬರೆದದ್ದು ಕನ್ನಡ, ಗುರುತು ಇಂಗ್ಲಿಷ್. ಟಸ್ಕಿ, ಫ್ಯಾನ್‌ಪಿ, ಅಧಿಕೃತ ಆ್ಯಪ್ ಮೂರರಲ್ಲೂ ಆ ಗುಂಡಿ ಇದೆ. ಒಮ್ಮೆ ಒತ್ತಿ ಕನ್ನಡ ಆರಿಸಿ.

ಹಾಸನದ ಓದುಗರಿಗೆ, ಆಂಡ್ರಾಯ್ಡ್ ಫೋನ್ ಇದ್ದರೆ, ನನ್ನ ಸಲಹೆ ಟಸ್ಕಿ. ಅಧಿಕೃತ ಆ್ಯಪ್‌ನಲ್ಲೇ ನೆಮ್ಮದಿಯಾಗಿದ್ದರೆ ಬದಲಿಸಲೇಬೇಕೆಂದಿಲ್ಲ.

ಪ್ರಶ್ನೆ: ಟಸ್ಕಿಯಲ್ಲಿ ನೋಟಿಫಿಕೇಷನ್ ತಡವಾಗಿ ಬರುತ್ತದೆ. ಕೆಟ್ಟಿದೆಯೇ?
ಉತ್ತರ: ಕೆಟ್ಟಿಲ್ಲ. ನೋಟಿಫಿಕೇಷನ್ ತಕ್ಷಣ ತಲುಪಿಸುವ ಯೂನಿಫೈಡ್‌ಪುಶ್ ವ್ಯವಸ್ಥೆ ಹೊಂದಿಸದಿದ್ದರೆ ಅದು ಸುಮಾರು ಕಾಲು ಗಂಟೆಗೊಮ್ಮೆ ಸರ್ವರನ್ನು ಕೇಳುತ್ತದೆ. ತಕ್ಷಣವೇ ಬೇಕೆಂದರೆ ಯೂನಿಫೈಡ್‌ಪುಶ್ ಬೆಂಬಲಿಸುವ ಎನ್‌ಟಿಎಫ್‌ವೈ ಆ್ಯಪ್ ಹಾಕಿಕೊಳ್ಳಿ.

ಪ್ರಶ್ನೆ: ಖಾಸಗಿ ಸಂದೇಶಕ್ಕೆ ಯಾವ ಆ್ಯಪ್ ಸುರಕ್ಷಿತ?
ಉತ್ತರ: ಯಾವುದೂ ಅಲ್ಲ. ಮಾಸ್ಟೊಡಾನ್‌ನ ಖಾಸಗಿ ಸಂದೇಶವನ್ನು ಸರ್ವರ್ ನಡೆಸುವವರು ಓದಬಲ್ಲರು. ಗುಟ್ಟಿನ ಮಾತಿಗೆ ಸಿಗ್ನಲ್ ಬಳಸಿ.

ಪ್ರಶ್ನೆ: ಫಾಲೋವರ್‌ಗಳನ್ನು ಹೆಚ್ಚಿಸುವ ಆ್ಯಪ್ ಇದೆಯೇ?
ಉತ್ತರ: ಇಲ್ಲ. ಮಾರುತ್ತೇನೆ ಎನ್ನುವವನು ವಂಚಕ.

ಪ್ರಶ್ನೆ: ಬ್ಲೂಸ್ಕೈ, ಮಾಸ್ಟೊಡಾನ್ ಎರಡನ್ನೂ ಒಂದೇ ಆ್ಯಪ್‌ನಲ್ಲಿ ನೋಡಬಹುದೇ?
ಉತ್ತರ: ಓಪನ್‌ವೈಬ್‌ನಲ್ಲಿ ನೋಡಬಹುದು. ಒಂದರ ಕೀಲಿ ಕಳೆದರೂ ಇನ್ನೊಂದು ಉಳಿಯಲಿ ಎಂದು ನಾನು ಬೇರೆ ಬೇರೆಯಾಗಿಯೇ ಇಡುತ್ತೇನೆ.

ಪ್ರಶ್ನೆ: ಒಂದು ಪೋಸ್ಟ್‌ಗೆ ನನಗೆ ಎರಡೇ ಉತ್ತರ ಕಾಣುತ್ತವೆ, ಗೆಳತಿಗೆ ಹತ್ತಾರು ಕಾಣುತ್ತವೆ. ಆ್ಯಪ್ ಬದಲಿಸಲೇ?
ಉತ್ತರ: ಬೇಡ. ಗೆಳತಿ ಬೇರೆ ಸರ್ವರ್‌ನಲ್ಲಿರಬೇಕು. ನಿಮ್ಮ ಸರ್ವರ್‌ಗೆ ತಲುಪಿದ ಉತ್ತರಗಳನ್ನಷ್ಟೇ ಅದು ತೋರಿಸಬಲ್ಲದು. ಪೋಸ್ಟ್‌ನ ಮೆನುವಿನಿಂದ ಮೂಲ ಪುಟವನ್ನು ಬ್ರೌಸರ್‌ನಲ್ಲಿ ತೆರೆಯಿರಿ, ಉಳಿದ ಸಾರ್ವಜನಿಕ ಉತ್ತರಗಳು ಸಾಮಾನ್ಯವಾಗಿ ಅಲ್ಲಿ ಸಿಗುತ್ತವೆ.