ಸಂಪಾದಕರ ಉತ್ತರ: ಸ್ನೂಕರ್ ಆಟಗಾರನ ಎರಡು ವರ್ಷಗಳ ಲೆಕ್ಕ

ಮಾನ್ಯರೇ,

ಸ್ನೂಕರ್ ವೃತ್ತಿ ಅನಿಶ್ಚಿತವಾದದ್ದು ಎಂಬ ನಮ್ಮ ಲೇಖನದ ಮಾತನ್ನು ನೀವು ಒಪ್ಪಿಲ್ಲ. ಓಟವಿಲ್ಲದ, ಮೈ ನೋಯದ ಈ ಆಟದಲ್ಲಿ ಐವತ್ತರವರೆಗೂ ನಿಶ್ಚಿಂತೆಯಿಂದ ಸಂಪಾದಿಸಬಹುದಲ್ಲವೇ ಎಂದು ಕೇಳಿದ್ದೀರಿ. ಮಗನನ್ನು ಈ ದಾರಿಗೆ ಹಚ್ಚುವ ಯೋಚನೆಯನ್ನೂ ತಿಳಿಸಿದ್ದೀರಿ. ಐವತ್ತರವರೆಗೂ ಆಡಬಹುದೆಂಬುದು ನಿಜ. 1992ರಲ್ಲಿ ವೃತ್ತಿಪರರಾದ ಮಾರ್ಕ್ ವಿಲಿಯಮ್ಸ್, 2025ರಲ್ಲಿ ತಮ್ಮ ಐವತ್ತನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ಆಡಿದರು. ನಿಶ್ಚಿಂತೆಯ ಮಾತು ಬೇರೆ.

ವೃತ್ತಿಪರ ಪಂದ್ಯಾವಳಿಗಳಲ್ಲಿ ಆಡುವ ಹಕ್ಕಾದ ‘ಟೂರ್ ಕಾರ್ಡ್’ ಹೊಸಬನಿಗೆ ಸಿಗುವುದು ಎರಡು ವರ್ಷದ ಅವಧಿಗೆ. 2014ರಿಂದ ರ‍್ಯಾಂಕಿಂಗ್ ನಿರ್ಧಾರವಾಗುವುದು ಹಿಂದಿನ ಎರಡು ವರ್ಷಗಳಲ್ಲಿ ಗೆದ್ದ ಬಹುಮಾನದ ಹಣದಿಂದ. ಆ ಅವಧಿ ದಾಟಿದ ಗಳಿಕೆ ಪಟ್ಟಿಯಿಂದ ಅಳಿಸಿಹೋಗುತ್ತದೆ. ವಿಶ್ವ ಚಾಂಪಿಯನ್ ಗೆಲ್ಲುವ 5 ಲಕ್ಷ ಪೌಂಡ್‌ಗೂ ಇದರಿಂದ ವಿನಾಯಿತಿಯಿಲ್ಲ. ಅವಧಿ ಮುಗಿದಾಗ ಮೊದಲ 64ರೊಳಗೆ ಇಲ್ಲದವನು, ಬೇರೆ ದಾರಿಯಿಂದ ಅರ್ಹತೆ ಪಡೆಯದಿದ್ದರೆ, ಕಾರ್ಡ್ ಕಳೆದುಕೊಂಡು ‘ಕ್ಯೂ ಸ್ಕೂಲ್’ ಎಂಬ ಅರ್ಹತಾ ಪಂದ್ಯಗಳಲ್ಲಿ ಹದಿಹರೆಯದ ಹುಡುಗರೊಡನೆ ಸೆಣಸಬೇಕಾಗುತ್ತದೆ. ಪ್ರಯಾಣ, ವಸತಿಗಳ ಖರ್ಚು ಸಾಮಾನ್ಯವಾಗಿ ಅವನದೇ.

ಮೈ ನೋಯದ ಆಟ ಎಂದಿರಿ. 1990ರಿಂದ 1999ರೊಳಗೆ ಏಳು ವಿಶ್ವ ಪ್ರಶಸ್ತಿ ಗೆದ್ದ ಸ್ಟೀಫನ್ ಹೆಂಡ್ರಿಯವರನ್ನು ನೋಡಿ. ಕೊನೆಕೊನೆಗೆ, ಚೆಂಡಿಗೆ ಹೊಡೆದು ಸರಾಗವಾಗಿ ಮುಂದೆ ಹೋಗಬೇಕಾದ ಕ್ಯೂ, ಅಂದರೆ ಆಟದ ಕೋಲು, ಅವರ ಕೈಯಲ್ಲಿ ಹೊಡೆತದ ಕ್ಷಣಕ್ಕೇ ತಡೆದು ನಿಲ್ಲತೊಡಗಿತ್ತು. ಆಟಗಾರರು ‘ಯಿಪ್ಸ್’ ಎನ್ನುವ ಈ ತೊಂದರೆಯನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರು 2012ರಲ್ಲಿ ನಿವೃತ್ತಿ ಘೋಷಿಸಿದಾಗ ವಯಸ್ಸು 43. ಇನ್ನು, ಎದುರಾಳಿ ಬ್ರೇಕ್ ಕಟ್ಟುತ್ತಿರುವಷ್ಟು (ಒಂದೇ ಸರದಿಯಲ್ಲಿ ಸತತವಾಗಿ ಅಂಕ ಗಳಿಸುತ್ತಿರುವಷ್ಟು) ಹೊತ್ತೂ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದು, ತನ್ನ ಸರದಿ ಬಂದೊಡನೆ ತಣ್ಣಗಾದ ಕೈಯಿಂದಲೇ ಹನ್ನೆರಡು ಅಡಿ ಮೇಜಿನ ಆಚೆ ತುದಿಯ ಚೆಂಡನ್ನು ಪಾಕೆಟ್‌ಗೆ ಕಳಿಸಬೇಕಾದ ಒತ್ತಡವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. (ಟಿವಿಯಲ್ಲಿ ನೋಡುವ ನಮಗೆ ಅದು ವಿರಾಮದಂತೆ ಕಾಣುವುದು ಸಹಜ.)

ಮಗನ ವಿಷಯ: ಅಭ್ಯಾಸದ ಮೇಜಿನಲ್ಲಿ ಅವನು ಒಂದೇ ಸರದಿಯಲ್ಲಿ ನೂರು ದಾಟಿ ಕಟ್ಟುವ ಶತಕಗಳನ್ನು ಎಣಿಸಿ ತೀರ್ಮಾನಿಸಬೇಡಿ. ಅಮೆಚೂರ್ ಪಂದ್ಯಾವಳಿಗಳಲ್ಲಿ, ಪಂದ್ಯದ ಫಲಿತಾಂಶ ತೀರ್ಮಾನಿಸುವ ಕೊನೆಯ ಫ್ರೇಮ್‌ಗಳಲ್ಲಿ (ಪಂದ್ಯದೊಳಗಿನ ಒಂದೊಂದು ಆಟವೇ ಫ್ರೇಮ್) ಹೇಗೆ ಆಡುತ್ತಾನೆಂದು ಒಂದೆರಡು ಋತು ಗಮನಿಸಿ. ಅವನಿಗೆ ಕಾರ್ಡ್ ಸಿಕ್ಕರೆ, ಒಂದು ಪೌಂಡ್ ಗೆಲ್ಲದಿದ್ದರೂ ಎರಡು ವರ್ಷದ ಖರ್ಚನ್ನು ಹೊರುವವರು ಯಾರೆಂಬುದು ಅಷ್ಟರೊಳಗೆ ಇತ್ಯರ್ಥವಾಗಿರಲಿ.

— ಸಂಪಾದಕ