ಅಂಗಡಿಯಲ್ಲಿ ಕೂತ ಮಗ ಯಾವ ಲೆಕ್ಕಕ್ಕೆ?

ಪ್ರಶ್ನೆ: ಸಾರ್, ತಿಪಟೂರಿನಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಸಂಜೆ ಕಟ್ಟೆ ಮೇಲೆ ಕೂರುವ ನಾಲ್ಕು ಜನರ ನಡುವೆ ದಿನಾ ಇದೇ ಜಗಳ. ‘ನಿರುದ್ಯೋಗ ಶೇ 3.2ಕ್ಕೆ ಇಳಿದಿದೆ, ದೇಶ ಮುಂದೆ ಹೋಗ್ತಿದೆ’ ಅಂತ ಒಬ್ಬರು. ‘ಎಲ್ಲ ಬುರುಡೆ’ ಅಂತ ಇನ್ನೊಬ್ಬರು. ನನ್ನ ಮಗ ಬಿ.ಇ. ಮುಗಿಸಿ ಎರಡು ವರ್ಷವಾಯಿತು. ಅರ್ಜಿ ಹಾಕುತ್ತಾನೆ, ಬೆಂಗಳೂರಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬರುತ್ತಾನೆ, ಮಿಕ್ಕ ಹೊತ್ತು ಅಂಗಡಿಯ ಗಲ್ಲಾದಲ್ಲಿ ಕೂರುತ್ತಾನೆ. ಯಾರ ಮಾತು ನಂಬಲಿ?

ಉತ್ತರ: ಕಟ್ಟೆಯ ಜಗಳ ಆಮೇಲೆ ಬಿಡಿಸೋಣ, ಮೊದಲು ನಿಮ್ಮ ಮಗನ ವಿಷಯ. ಸಮೀಕ್ಷೆಯವರು ನಾಳೆ ನಿಮ್ಮ ಮನೆಗೆ ಬಂದರೆ ಅವನನ್ನು ನಿರುದ್ಯೋಗಿ ಅಂತ ಬರೆದುಕೊಳ್ಳುವುದು ಅನುಮಾನ. ಕೇಂದ್ರ ಅಂಕಿಅಂಶ ಇಲಾಖೆಯ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆ 2017-18ರಿಂದ ನಡೆಯುತ್ತಿದೆ. ನಿಮ್ಮವರು ಹೇಳುವ ಶೇ 3.2 ಅದರ 2023-24ರ ಅಂಕಿ. ಅಲ್ಲಿನ ನಿಯಮ ಹೀಗಿದೆ: ವರ್ಷದ ಬಹುಪಾಲು ಕೆಲಸ ಹುಡುಕುತ್ತಲೇ ಕಳೆದಿದ್ದರೂ, ನಡುವೆ ಮೂವತ್ತು ದಿನ ಏನಾದರೂ ದುಡಿದಿದ್ದರೆ ‘ಕೆಲಸದಲ್ಲಿದ್ದಾರೆ’ ಅಂತಲೇ ಲೆಕ್ಕ. ಆ ದುಡಿಮೆಗೆ ಸಂಬಳ ಸಿಗಬೇಕೆಂದೂ ಇಲ್ಲ. ಅಪ್ಪನ ಅಂಗಡಿಯಲ್ಲಿ ಸಕ್ಕರೆ ತೂಗಿ ಪೊಟ್ಟಣ ಕಟ್ಟಿದರೂ ಆಯಿತು. ಹಿಂದಿನ ವಾರವನ್ನು ಮಾತ್ರ ನೋಡುವ ಇನ್ನೊಂದು ಅಳತೆ ಇದೆ. ಏಳು ದಿನದಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೆ ಅದಕ್ಕೆ ಸಾಕು. ಆ ಲೆಕ್ಕದಲ್ಲಿ ಅದೇ ವರ್ಷದ ನಿರುದ್ಯೋಗ ಶೇ 4.9.

ಹಾಗಂತ ಇದನ್ನು ಬುರುಡೆ ಅನ್ನಲಾಗದು. ಇದೇ ಅಳತೆಗೋಲಿನಲ್ಲಿ 2017-18ರಲ್ಲಿ ನಿರುದ್ಯೋಗ ಶೇ 6 ಇತ್ತು, ಇಳಿದಿರುವುದು ನಿಜ. ಆದರೆ ಇಳಿದ ಜನ ಹೋಗಿ ಸೇರಿದ್ದೆಲ್ಲಿಗೆ? ದುಡಿಯುವವರಲ್ಲಿ ಸ್ವಂತ ಉದ್ಯೋಗದವರ ಪಾಲು ಶೇ 52.2 ಇದ್ದದ್ದು 58.4ಕ್ಕೆ ಏರಿತು. ಅದರೊಳಗೇ, ಮನೆಯ ಜಮೀನಿನಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರ ಪಾಲು, ಒಟ್ಟು ದುಡಿಯುವವರ ಲೆಕ್ಕದಲ್ಲಿ, ಶೇ 13.6ರಿಂದ 19.4ಕ್ಕೆ ಹೋಯಿತು. ನಿಮ್ಮ ಮಗ ಸೇರುವುದು ಈ ಸಾಲಿಗೆ. ತಿಂಗಳ ಸಂಬಳದ ಕೆಲಸದವರ ಪಾಲು ಶೇ 22.8ರಿಂದ 21.7ಕ್ಕೆ ಕುಗ್ಗಿತು. ಬೇಸಾಯ ಬಿಟ್ಟು ಜನ ಹೊರಗೆ ಬರಬೇಕಾದ ಕಾಲದಲ್ಲಿ ಬೇಸಾಯದವರ ಪಾಲು ಶೇ 44.1ರಿಂದ 46.1ಕ್ಕೆ ಹೆಚ್ಚಿತು. ಕೋವಿಡ್ ಸಮಯದಲ್ಲಿ ಊರಿಗೆ ವಾಪಸಾದವರಲ್ಲಿ ಎಷ್ಟೋ ಮಂದಿ ಮತ್ತೆ ಬಸ್ಸು ಹತ್ತಲೇ ಇಲ್ಲ.

ನನ್ನ ಕೇಳಿದರೆ, ನಮ್ಮಂಥ ದೇಶದಲ್ಲಿ ಈ ನಿರುದ್ಯೋಗ ದರ ಹಿಡಿದುಕೊಂಡು ಜಗಳಾಡುವುದೇ ದಂಡ. ಇಲ್ಲಿ ಸುಮ್ಮನೆ ಕೂರಲಿಕ್ಕೂ ಮನೆಯಲ್ಲಿ ಅಷ್ಟಿಷ್ಟು ಅನುಕೂಲ ಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2024ರಲ್ಲಿ ತಂದ ಭಾರತದ ಉದ್ಯೋಗ ವರದಿ ನೋಡಿ: 2022ರಲ್ಲಿ ಪದವಿ ಮುಗಿಸಿದ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದುಬರಹ ಬಾರದವರಲ್ಲಿ ಶೇ 3.4. ಓದದವರಿಗೆ ಕೆಲಸ ಕಾದು ಕೂತಿದೆ ಅಂತ ಇದರರ್ಥವಲ್ಲ, ಅವರಿಗೆ ಕಾಯಲು ಆಗುವುದಿಲ್ಲ ಅಷ್ಟೇ. 2023-24ರಲ್ಲಿ ಕೇರಳದ ನಿರುದ್ಯೋಗ ಶೇ 7.2, ಬಿಹಾರದ್ದು ಶೇ 3. ಆದರೂ ರೈಲು ತುಂಬಿ ಬರುವುದು ಬಿಹಾರದಿಂದ ಕೇರಳಕ್ಕೆ!

ಅದರ ಬದಲು ಕೈಗೆ ಎಷ್ಟು ಬರುತ್ತಿದೆ ಅಂತ ಕೇಳಬೇಕು. ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆಯಲ್ಲೇ ಇದೆ: ಬೆಲೆಯೇರಿಕೆ ಕಳೆದು ನೋಡಿದರೆ, ಸಂಬಳದ ಗಂಡಸರ ತಿಂಗಳ ಗಳಿಕೆ 2017-18ರಲ್ಲಿ 12,665 ರೂಪಾಯಿ ಇದ್ದದ್ದು 2023-24ರಲ್ಲಿ 11,858ಕ್ಕೆ ಇಳಿಯಿತು. ದಿನಗೂಲಿ ಗಂಡಸರ ದಿನದ ಗಳಿಕೆ ಮಾತ್ರ 205ರಿಂದ 242ಕ್ಕೆ ಏರಿತು. ಇಷ್ಟರ ನಡುವೆಯೂ 2024-25ರಲ್ಲಿ ಜಿಡಿಪಿ ಶೇ 6.5ರಷ್ಟು ಬೆಳೆಯಿತು ಎಂದು ಸರ್ಕಾರದ ಅಂದಾಜು ಹೇಳಿತು. ನಿಮ್ಮ ಕಟ್ಟೆಯಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ತಲೆ ಎಣಿಸುತ್ತಿದ್ದಾರೆ, ಇನ್ನೊಬ್ಬರು ಜೇಬು ನೋಡುತ್ತಿದ್ದಾರೆ.

ಪ್ರಶ್ನೆ: ಆರು ವರ್ಷದಲ್ಲಿ ಕೆಲಸಕ್ಕೆ ಬಂದ ಹೆಂಗಸರು ಹೆಚ್ಚುಕಡಿಮೆ ದುಪ್ಪಟ್ಟಾಗಿದ್ದಾರೆ ಅಂತ ಓದಿದೆ. ನಮ್ಮ ಕೋಲಾರದ ಕಡೆ ಹಸು ಕಟ್ಟಿರುವವರು ಮೊದಲಿನಿಂದಲೂ ಕಟ್ಟಿದ್ದಾರೆ. ಹೊಸ ಕೆಲಸ ಎಲ್ಲಿಂದ ಬಂತು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ, ಅಮ್ಮಾ. ದುಡಿಯುವ ಅಥವಾ ಕೆಲಸ ಹುಡುಕುವ ಹೆಂಗಸರ ಪ್ರಮಾಣ 2017-18ರಲ್ಲಿ ಶೇ 23.3 ಇತ್ತು, 2023-24ಕ್ಕೆ ಶೇ 41.7 ಆಯಿತು. ಏರಿಕೆ ಹೆಚ್ಚಾಗಿ ಹಳ್ಳಿಗಳಲ್ಲಿ. ‘ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ನಮ್ಮ ಹೆಂಗಸರು ‘ಏನಿಲ್ಲ, ಮನೇಲೇ ಇದ್ದೀನಿ’ ಅನ್ನುತ್ತಾರೆ. ‘ಹಸುವಿಗೆ ಹುಲ್ಲು ತರೋರು ಯಾರು, ಡೇರಿಗೆ ಹಾಲು ಹಾಕೋರು ಯಾರು?’ ಎಂದು ಮತ್ತೆ ಕೇಳಿದರೆ ‘ನಾನೇ’. ಎರಡನೇ ಪ್ರಶ್ನೆ ಕೇಳಿದ ಕಡೆ ಅದೇ ಹೆಂಗಸು ದುಡಿಯುವವರ ಪಟ್ಟಿಗೆ ಬರುತ್ತಾರೆ. ಅವರು ಇಷ್ಟು ದಿನ ಲೆಕ್ಕಕ್ಕಿಲ್ಲದೆ ದುಡಿದದ್ದೇ ಅನ್ಯಾಯವಾಗಿತ್ತು.

ಹಾಗೆಂದು ಎಲ್ಲವೂ ಬರೆದುಕೊಳ್ಳುವ ರೀತಿಯಿಂದಲೇ ಹೆಚ್ಚಿತು ಅನ್ನಲಾರೆ. ಖರ್ಚು ತೂಗಿಸಲು ಹೊಸದಾಗಿ ಹೊಲಿಗೆ ಯಂತ್ರ ಹಾಕಿಕೊಂಡವರು, ಸಂಘದ ಸಾಲದಲ್ಲಿ ಹಸು ತಂದವರು ಇದ್ದಾರೆ. ಆದರೆ ಮೇಲೆ ಹೇಳಿದ ಆರ್ಥಿಕ ಸಮೀಕ್ಷೆಯ ಪ್ರಕಾರ, ಬೆಲೆಯೇರಿಕೆ ಕಳೆದರೆ ಸ್ವಂತ ಉದ್ಯೋಗದ ಹೆಂಗಸರ ತಿಂಗಳ ಗಳಿಕೆ ಇದೇ ಅವಧಿಯಲ್ಲಿ 4,348 ರೂಪಾಯಿಯಿಂದ 2,950ಕ್ಕೆ ಬಿದ್ದಿದೆ. ಕೈಗಳು ಹೆಚ್ಚಾದ ಹಾಗೆ ಹಾಲು ಹೆಚ್ಚಲಿಲ್ಲ.

ಪ್ರಶ್ನೆ: ಪೀಣ್ಯದಲ್ಲಿ ನನ್ನದು ಚಿಕ್ಕ ಲೇತ್ ಶೆಡ್ಡು, 18 ಜನ ಇದ್ದಾರೆ. ಪಿಎಫ್‌ಗೆ ತಿಂಗಳಿಗೆ ಇಷ್ಟು ಲಕ್ಷ ಜನ ಹೊಸದಾಗಿ ಸೇರಿದರು ಅಂತ ಸುದ್ದಿ ಬರುತ್ತದಲ್ಲ, ಅವೆಲ್ಲ ಹೊಸ ಕೆಲಸಗಳೇ?

ಉತ್ತರ: ಒಂದಷ್ಟು ಹೌದು, ಎಲ್ಲವೂ ಅಲ್ಲ. 20 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಪಿಎಫ್ ಕಾನೂನು ಅನ್ವಯವಾಗುತ್ತದೆ. ನಿಮ್ಮ ಶೆಡ್ಡಿಗೆ ನಾಳೆ ಇನ್ನಿಬ್ಬರು ಹುಡುಗರು ಬಂದರು ಅಂದುಕೊಳ್ಳಿ. ಕೆಲಸ ಹುಟ್ಟಿದ್ದು ಎರಡು. ಹಳಬರಲ್ಲಿ ಯಾರಿಗೂ ಇದುವರೆಗೆ ಪಿಎಫ್ ಇರಲಿಲ್ಲವಾದರೆ, ಆ ತಿಂಗಳ ಪಟ್ಟಿಯಲ್ಲಿ ಹೊಸಬರಾಗಿ ಕಾಣಬಹುದಾದ ಹೆಸರು ಇಪ್ಪತ್ತು.