ಎದೆ ಮೇಲೆ ಯಾರೋ ಕೂತ ಹಾಗೆ

ಪ್ರಶ್ನೆ: ನನಗೆ 24 ವರ್ಷ, ರಾತ್ರಿ ಪಾಳಿ ಕೆಲಸ. ಬೆಳಗಿನ ನಿದ್ದೆಯಲ್ಲಿ ಥಟ್ಟನೆ ಎಚ್ಚರವಾಗುತ್ತದೆ. ಕೈಕಾಲು ಆಡುವುದಿಲ್ಲ, ಕೂಗಲೂ ಆಗುವುದಿಲ್ಲ. ಎದೆ ಮೇಲೆ ಯಾರೋ ಕೂತ ಹಾಗಿರುತ್ತದೆ. ಅಜ್ಜಿ ತಾಯತ ಕಟ್ಟಿಸಿದ್ದಾರೆ. ಏನಿದು ಡಾಕ್ಟ್ರೇ?
– ಓದುಗರು, ಹಾಸನ

ಉತ್ತರ: ಹೆದರಬೇಡಮ್ಮ, ಇದು ನನಗೂ ಆಗಿದೆ. ಹೌಸ್ ಸರ್ಜನ್ ಆಗಿದ್ದಾಗ ಎರಡು ರಾತ್ರಿ ಡ್ಯೂಟಿ ಮುಗಿಸಿ ಹಾಸ್ಟೆಲ್‌ನಲ್ಲಿ ಅಂಗಾತ ಮಲಗಿದ್ದೆ. ಫ್ಯಾನ್ ತಿರುಗುವುದು ಕಾಣುತ್ತಿತ್ತು. ಪಕ್ಕದ ಮಂಚದ ಗೆಳೆಯನನ್ನು ಕರೆಯೋಣವೆಂದರೆ ನಾಲಗೆ ಏಳಲಿಲ್ಲ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅನ್ನಿಸಿತ್ತು. ಆ ಭಯ ಸುಮ್ನೆ ಅಲ್ಲ, ನನಗೆ ಗೊತ್ತು.

ಕನಸು ಜಾಸ್ತಿ ಬೀಳುವ ಹಂತದಲ್ಲಿ ಮಿದುಳು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಮೈ ಆಮೇಲೆ ಏಳುತ್ತದೆ. ಕನಸಿನ ಚೂರು ಕಣ್ಣೆದುರೇ ಉಳಿದಿರುತ್ತದೆ. ಇದೇ ಸ್ಲೀಪ್ ಪ್ಯಾರಾಲಿಸಿಸ್. ಲಕ್ವ ಅಲ್ಲ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷದಲ್ಲಿ ತಾನೇ ಬಿಡುತ್ತದೆ.

ನಿದ್ದೆಗೆಟ್ಟವರಿಗೆ ಇದು ಜಾಸ್ತಿ. ಕಿಟಕಿಗೆ ದಪ್ಪ ಪರದೆ ಹಾಕಿ, ಮಗ್ಗುಲಾಗಿ ಮಲಗಿ, ರಜೆಯಲ್ಲೂ ನಿದ್ದೆಯ ಹೊತ್ತು ತಪ್ಪಿಸಬೇಡಿ. ಬಂದಾಗ ಒಂದೇ ಒಂದು ಬೆರಳು ಆಡಿಸಲು ನೋಡಿ. ತಾಯತ ಇರಲಿ, ಅಜ್ಜಿಗೆ ಸಮಾಧಾನ ಅಲ್ವಾ. ಆದರೆ ಮಾತಾಡುತ್ತಿರುವಾಗಲೇ ನಿದ್ದೆ ಎಳೆದರೆ, ಜೋರಾಗಿ ನಕ್ಕಾಗ ಮಂಡಿ ಕುಸಿದರೆ, ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.